ಮುರುಗೇಶಪ್ಪನ ಹೊಲಕ್ಕೆ ಬಂದ ಬಣ್ಣದ ರೀಲು

ಕೆಂಚಿಕೆರೆಯ ಮುರುಗೇಶಪ್ಪ ಸೋಯಾ ಅವರೆ ಬೆಳೆಯುವಂತಾದದ್ದು ಒಂದು ನೊಣದ ದೆಸೆಯಿಂದ. ಇದನ್ನು ಅವನು ಎಂದೂ ಒಪ್ಪಿದವನಲ್ಲ. ಆದರೆ ಆ ಹೊತ್ತು ನಾನು ಅವನ ಪಕ್ಕದಲ್ಲೇ ಕೂತಿದ್ದೆ, ನೊಣವನ್ನೂ ಕಂಡಿದ್ದೆ.

ಆಗ ನಾನು ಕೆಂಚಿಕೆರೆಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸಾಸ್ವೆಹಳ್ಳಿಯಿಂದ ಮೂರು ಮೈಲಿ ಒಳಗಿನ ಊರು. ಎಪ್ಪತ್ತೊಂಬತ್ತನೆಯ ಇಸವಿಯ ಮೇ ತಿಂಗಳಲ್ಲಿ ನ್ಯಾಮತಿಯಲ್ಲಿ ರೈತರ ಸಭೆ ನಡೆಯಿತು. ಊಟಕ್ಕೆ ಚಿತ್ರಾನ್ನ, ಬೂಂದಿ ಉಂಟೆಂದು ತಿಳಿದು ನಮ್ಮೂರಿನಿಂದ ಹನ್ನೊಂದು ಮಂದಿ ಹೋಗಿದ್ದೆವು. ಊಟವಾದ ಮೇಲೆ ಭಾಷಣ ಎಂಬ ಏರ್ಪಾಡು ಯಾರು ಮಾಡಿದ್ದರೋ, ಅರ್ಧ ಸಭೆ ನಿದ್ದೆಯಲ್ಲಿತ್ತು. ಮುರುಗೇಶಪ್ಪನೂ ಕಣ್ಣು ಮುಚ್ಚಿ ತೂಗುತ್ತಿದ್ದ. ವೇದಿಕೆಯ ಮೇಲಿದ್ದ ಕೃಷಿ ಸಾಹೇಬರಿಗೆ ಅದು ಮೆಚ್ಚಿ ತಲೆದೂಗಿದಂತೆ ಕಂಡು, ಅವರು ಅವನೊಬ್ಬನನ್ನೇ ನೋಡುತ್ತ ಮಾತಾಡುತ್ತಿದ್ದರು. “ಈ ಸೀಮೆಯಲ್ಲಿ ಸೋಯಾ ಅವರೆ ಬೆಳೆದು ತೋರಿಸುವ ಧೈರ್ಯವಂತರು ಯಾರಿದ್ದೀರಿ, ಕೈ ಎತ್ತಿ” ಎಂದು ಅವರು ಕೇಳುವುದಕ್ಕೂ ಒಂದು ನೊಣ ಮುರುಗೇಶಪ್ಪನ ಕಿವಿಯ ಮೇಲೆ ಕೂರುವುದಕ್ಕೂ ಸರಿಹೋಯಿತು. ನೊಣ ಮೇಲಕ್ಕೆ ಹಾರಿತು. ಅವನ ಕೈಯೂ ಅದರ ಹಿಂದೆಯೇ ಮೇಲಕ್ಕೆ ಹೋಯಿತು. ಚಪ್ಪಾಳೆಯ ಸದ್ದಿಗೆ ಎಚ್ಚರವಾದಾಗ ಅವನ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು.

“ಏನಾತ್ರೀ ಮೇಷ್ಟ್ರೆ?” ಎಂದು ನನ್ನ ಕಿವಿಯಲ್ಲಿ ಕೇಳಿದ.

“ನೀನು ಸೋಯಾ ಅವರೆ ಬೆಳೀತೀಯಂತೆ.”

“ಅದೇನದು?”

“ನನಗೂ ಗೊತ್ತಿಲ್ಲ.”

ಮುರುಗೇಶಪ್ಪ ಹಾರವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಮದುವೆಯಾದ ಮೇಲೆ ಅವನ ಕೊರಳಿಗೆ ಬಿದ್ದ ಮೊದಲ ಹಾರ ಅದು. “ಬೆಳಿಯಾನ ಬಿಡ್ರಿ,” ಎಂದ.

ಅವನು ಊರಿಗೆ ಬಂದದ್ದು ಬೀಜದ ಚೀಲ ಮತ್ತು ಬೀಜಕ್ಕೆ ಹಚ್ಚಲು ಕೊಟ್ಟಿದ್ದ ಒಂದು ಪೊಟ್ಟಣ ಕಪ್ಪು ಪುಡಿಯೊಂದಿಗೆ. ಆ ಪುಡಿ ಬೇರಿಗೆ ಬಲ ಕೊಡುತ್ತದೆ ಎಂದು ಸಾಹೇಬರು ಹೇಳಿದ್ದರು. ಅವನ ತಾಯಿ ಗಾದ್ರಮ್ಮ ಮೊದಲ ಎರಡು ದಿನ ಅದರಲ್ಲೇ ಹಲ್ಲುಜ್ಜಿದಳು. ವಿಷಯ ತಿಳಿದ ಮುರುಗೇಶಪ್ಪ ಗಾಬರಿಯಾಗಿ ಓಡಿಬಂದರೆ, ಅವಳು ಬಾಯಿ ಮುಕ್ಕಳಿಸುತ್ತ, “ಚಲೋ ಐತೆ ಕಣೋ. ಅಲ್ಲಾಡೋ ಹಲ್ಲೆಲ್ಲ ನೆಟ್ಟಗೆ ನಿಂತಾವೆ,” ಎಂದಳು. ಉಳಿದ ಪುಡಿಯನ್ನು ಸೊಸೆ ಸಿದ್ದಲಿಂಗಮ್ಮ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿದಳು. ಸೂಳೆಕೆರೆಯ ನೀರಾವರಿ ಹೊಲಗಳಲ್ಲಿ ದುಡಿದು ಬೆಳೆದ ಹೆಣ್ಣು ಅವಳು. ಗಂಡನ ಕೈಯಿಂದ ಏನೇ ಕೆಲಸ ಶುರುವಾದರೂ ಅದನ್ನು ಮುಗಿಸುವವಳು ತಾನೇ ಎಂಬುದು ಅವಳಿಗೆ ಮದುವೆಯ ವರ್ಷದಲ್ಲೇ ಗೊತ್ತಾಗಿತ್ತು.

ಮಳೆ ಹದವಾಗಿ ಬಂತು. ನಾಲ್ಕು ಎಕರೆಯಲ್ಲಿ ಸೋಯಾ ಮೊಣಕಾಲೆತ್ತರ ಎದ್ದು ನಿಂತಿತು. ದಾರಿಹೋಕರು ನಿಂತು ಇದು ಹುರುಳಿಯೋ ಅಲಸಂದೆಯೋ ಎಂದು ಕೇಳುವಂತಾಯಿತು. ಅಂಥವರನ್ನು ಮುರುಗೇಶಪ್ಪ ಸುಮ್ಮನೆ ಕಳಿಸುತ್ತಿರಲಿಲ್ಲ. ಬದುವಿನ ಮೇಲೆ ಕೂರಿಸಿ ಎಲೆ-ಅಡಿಕೆ ಕೊಟ್ಟು, ಸಭೆಯಲ್ಲಿ ತಾನು ನಿದ್ದೆ ಮಾಡಿದ್ದ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದ.

“ಇದರಾಗೆ ಹಾಲು ಬರ್ತೈತೆ,” ಎಂದು ಒಂದು ದಿನ ಪಕ್ಕದ ಹೊಲದ ಪಂಚಾಕ್ಷರಪ್ಪನಿಗೆ ಹೇಳಿದ.

ಪಂಚಾಕ್ಷರಪ್ಪ ಅಳತೆ ಮಾಡಿ ಮಾತಾಡುವ ಮನುಷ್ಯ. ಅವನು ಬಗ್ಗಿ ಗಿಡದ ಬುಡವನ್ನು ನೋಡಿ, “ಒಂದು ಹೊತ್ತಿಗೋ, ಎರಡು ಹೊತ್ತಿಗೋ?” ಎಂದು ಕೇಳಿದ.

ಇಂಥ ಮಾತುಗಳಿಂದಲೇ ಅನಾಹುತವಾದದ್ದು. ಸೆಪ್ಟೆಂಬರ್ ಕೊನೆಯಲ್ಲಿ, ಚಹಾದಂಗಡಿಯ ಮುಂದೆ ಹತ್ತು ಜನರೆದುರು ಪಂಚಾಕ್ಷರಪ್ಪ, “ಕೊಯ್ಲಿಗೆ ಆಳು ಹೇಳಿದೀಯೇನಪ್ಪ?” ಎಂದ. ಹೇಳಿಲ್ಲ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮುರುಗೇಶಪ್ಪ ಗಾಜಿನ ಲೋಟವನ್ನು ಕೆಳಗಿಟ್ಟು, “ಇದು ಕುಡ್ಲಿಗೆ ಕೊಯ್ಯೋ ಬೆಳೆ ಅಲ್ಲ. ಮಷೀನಿಗೆ ಕೊಯ್ಯೋ ಬೆಳೆ,” ಎಂದುಬಿಟ್ಟ.

ಊರಿನ ಕೂಲಿಯವರು ಇದನ್ನು ನಂಬಿದರು. ನಂಬಿ, ಹೊಳೆಸಾಲಿನ ಭತ್ತದ ಕೊಯ್ಲಿಗೂ ಚನ್ನಗಿರಿ ಕಡೆಯ ಅಡಿಕೆ ಕೆಲಸಕ್ಕೂ ಒಪ್ಪಿಕೊಂಡು ಹೋದರು. ಒಂದು ವಾರದಲ್ಲಿ ಊರೊಳಗೆ ಕುಡುಗೋಲು ಹಿಡಿಯುವ ಕೂಲಿಯಾಳು ಒಬ್ಬರೂ ಉಳಿಯಲಿಲ್ಲ. ಇತ್ತ ಹೊಲದಲ್ಲಿ ಎಲೆ ಉದುರಿ ಕಾಯಿ ಕಂದುಬಣ್ಣಕ್ಕೆ ತಿರುಗಿದವು. ಈ ಬೆಳೆಯ ಗುಣ ಸಾಹೇಬರು ಮೊದಲೇ ಹೇಳಿದ್ದರಂತೆ: ಹಣ್ಣಾದ ಮೇಲೆ ಹೆಚ್ಚು ದಿನ ಬಿಟ್ಟರೆ ಕಾಯಿ ಬಿಸಿಲಿಗೆ ಸಿಡಿದು ಕಾಳೆಲ್ಲ ಮಣ್ಣುಪಾಲು. ಮುಂದಿನ ವರ್ಷ ತಾಲ್ಲೂಕಿಗೆಲ್ಲ ಇದೇ ಹೊಲದ ಬೀಜ ಹಂಚುವುದೆಂದು ಅವರು ತೀರ್ಮಾನಿಸಿದ್ದರು. ಅಕ್ಟೋಬರ್ ಮೊದಲ ಶನಿವಾರ ತಾವೇ ಬಂದು ನೋಡುವುದಾಗಿ ಕಾಗದವನ್ನೂ ಬರೆದಿದ್ದರು. ಆ ಕಾಗದ ಮುರುಗೇಶಪ್ಪನ ಅಂಗಿ ಜೇಬಿನಲ್ಲಿ ಮಡಿಕೆ ಹರಿಯುವಷ್ಟು ಸಲ ಹೊರಬಂದು ಒಳಹೋಗಿತ್ತು.

“ಮಷೀನು ಎಲ್ಲೈತೆ?” ಎಂದು ಸಿದ್ದಲಿಂಗಮ್ಮ ಕೇಳಿದಳು.

“ಎಲ್ಲಾರ ಇರ್ತೈತೆ.”

“ಹಂಗಾರೆ ಹೋಗಿ ಹುಡುಕ್ಯಂಡು ಬರ್ರಿ. ಕಾಯಿ ನಿಮ್ಮನ್ನ ಕಾಯಂಗಿಲ್ಲ.”

ಹುಡುಕಿದಾಗ ಅದು ಸಿಕ್ಕಿದ್ದು ಜಗಳೂರಿನಲ್ಲಿ. ಅಲ್ಲಿ ತಿಪ್ಪೇರುದ್ರಸ್ವಾಮಿ ಎಂಬ ಹಳೆಯ ಕಂಟ್ರಾಕ್ಟರರು ಎಲ್ಲಿಯದೋ ಹರಾಜಿನಲ್ಲಿ ಒಂದು ಕಂಬೈನು ಹಿಡಿದು ತಂದು ಹಿತ್ತಲಲ್ಲಿ ನಿಲ್ಲಿಸಿದ್ದರು. ಬೆಳೆ ಕೊಯ್ದು, ಬಡಿದು, ತೂರಿ, ಕಾಳನ್ನು ಬೇರೆ ಮಾಡುವ ಯಂತ್ರ. ಒಂದು ಸಣ್ಣ ಮನೆಯಷ್ಟು ದೊಡ್ಡದು. ಆ ಒಣ ಸೀಮೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಅದರ ಕಾಳಿನ ತೊಟ್ಟಿಯಲ್ಲಿ ಅವರ ಮನೆಯ ಕೋಳಿಗಳು ಮೂರು ತಲೆಮಾರಿನಿಂದ ಮೊಟ್ಟೆಯಿಡುತ್ತಿದ್ದವು. ಒಂದು ಹೇಂಟೆ ಕಾವು ಕೂತಿದ್ದರಿಂದ ಮುರುಗೇಶಪ್ಪ ಎರಡು ದಿನ ಕಾಯಬೇಕಾಯಿತು. ಮರಿಗಳು ಇಳಿದ ಮೇಲೆ ತಿಪ್ಪೇರುದ್ರಸ್ವಾಮಿಯವರು, “ಒಯ್ಯಪ್ಪ, ನಿನ್ನಿಂದಲಾದರೂ ಅದು ದುಡಿದು ತಿನ್ನಲಿ,” ಎಂದು ತಮ್ಮ ಡ್ರೈವರ್ ಮಾರಪ್ಪನನ್ನು ಜೊತೆಗೆ ಕಳಿಸಿದರು.

ಮಾರಪ್ಪ ಕಡಿಮೆ ಮಾತಿನವನು. “ಇದು ನಮ್ಮೂರಿಗೆ ಮುಟ್ಟತೈತಾ?” ಎಂದರೆ “ನೋಡಾನ” ಎನ್ನುತ್ತಿದ್ದ. “ಬ್ರೇಕು ಐತಾ?” ಎಂದರೂ “ನೋಡಾನ” ಎಂದೇ. ಜಗಳೂರಿನಿಂದ ಹೊನ್ನಾಳಿಗೆ ಬರುವಷ್ಟರಲ್ಲಿ ಯಂತ್ರ ಏಳು ಸಲ ನಿಂತಿತು. ಒಂದು ಸಲ ಡೀಸೆಲ್ ಕೊಳವೆಯಲ್ಲಿ ಕೋಳಿಯ ಪುಕ್ಕ, ಒಂದು ಸಲ ಯಾವ ಕಾರಣವೂ ಇಲ್ಲದೆ. ಮುರುಗೇಶಪ್ಪ ಮಾತ್ರ ಮೇಲಿನ ಕಟ್ಟೆಯ ಮೇಲೆ ಜರಿ ರುಮಾಲು ಸುತ್ತಿ ಕೂತೇ ಬಂದ. ಹೊನ್ನಾಳಿಯಲ್ಲಿ ನೇರವಾಗಿ ಸಾಸ್ವೆಹಳ್ಳಿಯ ದಾರಿ ಹಿಡಿಯುವ ಬದಲು, ಸೇತುವೆ ದಾಟಿ ನ್ಯಾಮತಿಗೆ ಹೋಗಿ, ಸಭೆ ನಡೆದಿದ್ದ ಕಟ್ಟಡದ ಮುಂದೆ ಒಂದು ಸುತ್ತು ಹಾಕಿ ತಿರುಗಿ ಬರಬೇಕೆಂದು ಹಟ ಹಿಡಿದ. ಹಾಗೇ ಮಾಡಿದರು. ಒಂದು ದಿನ ಹೆಚ್ಚಾಯಿತು. ನ್ಯಾಮತಿಯ ಜನ ಅದನ್ನು ರಸ್ತೆಗೆ ಟಾರು ಹಾಕುವ ಯಂತ್ರವೆಂದು ತಿಳಿದು, ನಮ್ಮ ಕೇರಿಗೆ ಯಾವಾಗ ಬರುತ್ತದೆ ಎಂದು ವಿಚಾರಿಸಿದರಂತೆ.

ಬುಧವಾರ ಕೆಂಚಿಕೆರೆಗೆ ಯಂತ್ರ ಬಂತು. ಗಾದ್ರಮ್ಮ ಆರತಿ ಎತ್ತಿದಳು. ಮಾರಪ್ಪ ಅದನ್ನು ಹೊಲಕ್ಕಿಳಿಸಿ ಕೊಯ್ಯತೊಡಗಿದ. ಮುಂದೆ ಎಂಟು ಅಡಿ ಅಗಲದ ಹಲಗೆ ಹಲ್ಲುಗಳ ರಾಟೆಯೊಂದು ತಿರುಗುತ್ತ ಗಿಡಗಳನ್ನು ಒಳಕ್ಕೆ ಬಾಗಿಸುವುದು, ಅದರ ಕೆಳಗೆ ಕತ್ತರಿ ಕೊಯ್ಯುವುದು, ಹಿಂದೆ ಹೊಟ್ಟು ಹಾರುವುದು ಕಂಡು ಊರು ಬಾಯಿಬಿಟ್ಟು ನಿಂತಿತು. ಇಪ್ಪತ್ತು ಮಾರು ಹೋಗಿರಬೇಕು, ಟಪ್ ಎಂದು ಬೆಲ್ಟ್ ಹರಿಯಿತು.

“ಇದು ಇದರ ಪದ್ಧತಿ,” ಎಂದು ಮುರುಗೇಶಪ್ಪ ನೆರೆದವರಿಗೆ ವಿವರಿಸಿದ. “ದೊಡ್ಡ ಮಷೀನು ಆಗಾಗ ಉಸಿರು ತಗಂತೈತೆ.”

ಮಾರಪ್ಪ ಎತ್ತಿನ ನೊಗದ ಚರ್ಮದ ಮಿಣಿಯನ್ನು ಹೊಲಿದು ಬೆಲ್ಟ್ ಮಾಡಿದ. ಮತ್ತೆ ಹತ್ತು ಮಾರು. ಈಗ ಜರಡಿಗೆ ಕೋಳಿಗೂಡಿನ ಹುಲ್ಲು ಸಿಕ್ಕಿ ಹಿಂದಿನಿಂದ ಕಾಳೂ ಹೊಟ್ಟೂ ಒಟ್ಟಿಗೇ ಹಾರತೊಡಗಿದವು. ಅದನ್ನು ಬಿಡಿಸುವಲ್ಲಿ ಹೊತ್ತು ಮುಳುಗಿತು. ಗುರುವಾರ ಬೆಳಿಗ್ಗೆ ಮುರುಗೇಶಪ್ಪ ತಾನೇ ಮುಂದೆ ನಡೆಯುತ್ತ, “ಬಾ, ಬಾ, ಇನ್ನೂ ಈ ಕಡಿಗೆ,” ಎಂದು ಕೈ ಮಾಡಿ ದಾರಿ ತೋರಿಸಿದ. ತೋರಿಸಿ, ಯಂತ್ರವನ್ನು ನೇರವಾಗಿ ಪಂಚಾಕ್ಷರಪ್ಪನ ಗಡಿಕಲ್ಲಿನ ಮೇಲೆ ತಂದು ನಿಲ್ಲಿಸಿದ. ಮುಂದಿನ ರಾಟೆ ನಡುವೆ ಮುರಿದು ಎರಡಾಯಿತು.

ಪಂಚಾಕ್ಷರಪ್ಪ ಓಡಿಬಂದ. ಯಂತ್ರವನ್ನು ನೋಡಲಿಲ್ಲ. ಗಡಿಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕತೊಡಗಿದ. “ನಾಲ್ಕು ಬೆರಳು ನನ್ನ ಕಡಿಗೆ ಸರಿದೈತೆ,” ಎಂದ.

“ನನ್ನ ರೀಲು ಮುರಿದೈತೆ ಮಾರಾಯ,” ಎಂದ ಮುರುಗೇಶಪ್ಪ. ಆ ರಾಟೆಗೆ ರೀಲು ಎಂದು ಹೆಸರೆಂದು ಮಾರಪ್ಪ ಅವನಿಗೆ ಆಗಷ್ಟೇ ಹೇಳಿದ್ದ.

“ನಿನ್ನ ರೀಲು ಹೊಸಾದು ಸಿಗತೈತೆ. ಭೂಮಿ ಎಲ್ಲಿ ಸಿಗತೈತೆ?”

ಇಬ್ಬರೂ ಕೂಡಿ ಗಡಿಕಲ್ಲನ್ನು ಮೊದಲಿದ್ದಲ್ಲಿಗೆ ಸರಿಸಿದ ಮೇಲೆ ಮುರುಗೇಶಪ್ಪ ಸೈಕಲ್ ಹತ್ತಿ ಸಾಸ್ವೆಹಳ್ಳಿಯ ಅಂಚೆ ಕಚೇರಿಗೆ ಹೋದ. ದಾವಣಗೆರೆಯಲ್ಲಿ ಇಂಥ ಯಂತ್ರಗಳ ಬಿಡಿಭಾಗ ಮಾರುವ ಒಂದು ಅಂಗಡಿಯ ನಂಬರು ಮಾರಪ್ಪನಲ್ಲಿತ್ತು. “ಎಂಟು ಅಡಿ ಅಂತ ಹೇಳ್ರಿ. ಎಂಟು,” ಎಂದು ಎರಡು ಸಲ ಹೇಳಿ ಕಳಿಸಿದ್ದ. ಮಾರಪ್ಪ ಒಂದು ಮಾತನ್ನು ಎರಡು ಸಲ ಹೇಳಿದ್ದು ಅದೊಂದೇ ಸಲ.

ಆ ಕಾಲದ ಟ್ರಂಕ್ ಕಾಲ್ ಎಂದರೆ ಗುಟ್ಟಿನ ಸಂಗತಿಯಲ್ಲ. ಮುರುಗೇಶಪ್ಪ ದಾವಣಗೆರೆಗೆ ಕೇಳಿಸುವಂತೆ ಕೂಗಬೇಕಾಗಿತ್ತು. ನಡುವಿನ ಊರುಗಳಿಗೆಲ್ಲ ತಂತಿಯಿಲ್ಲದೆಯೇ ಕೇಳಿಸಿರಬೇಕು. ಸಂತೆಯ ದಿನ ಬೇರೆ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಮೂವತ್ತು ಜನ ಬಸ್ಸಿಗೆ ಕಾಯುತ್ತಿದ್ದರು. ಅವರಿಗೆ ಕೇಳಿಸಿದ್ದು ಒಂದು ಕಡೆಯ ಮಾತು ಮಾತ್ರ:

“ಹಲೋ, ರೀಲು. ರೀ-ಲು. ಹೌದ್ರಿ, ಇದ್ದಿದ್ದು ಮುರಿದೈತೆ, ಹೊಸಾದು ಕಳಸ್ರಿ... ಕೆಂಚಿಕೆರೆ. ನಮ್ಮ ಹೊಲದಾಗೇ ಹಾಕಾದು... ಹಾಂ? ಬಣ್ಣದ್ದೇ ಕಳಸ್ರಿ. ಬಣ್ಣ ಇಲ್ದಿದ್ದು ಬ್ಯಾಡ... ನಾಳೆ ಶುಕ್ರವಾರ ಇಲ್ಲಿಗೆ ಮೂರೂವರೆಗೆ ಬರೋ ಬಸ್ಸಿಗೆ ಹಾಕ್ರಿ. ಸಂಜಿ ಒಳಗೆ ಶುರು ಮಾಡಬೇಕು... ಎಷ್ಟು ಅಡಿನಾ?”

ಇಲ್ಲಿ ಮುರುಗೇಶಪ್ಪ ತಿರುಗಿ ನೋಡಿದ. ಮೂವತ್ತು ಜೊತೆ ಕಣ್ಣು ಅವನ ಮೇಲಿದ್ದವು. ಅಷ್ಟು ಜನರ ಮುಂದೆ ಎಂಟು ಎನ್ನುವುದು ಅವನಿಗೆ ತೀರ ಸಣ್ಣದಾಗಿ ಕಂಡಿತು.

“ಹತ್ತು,” ಎಂದ.

ಅವನ ಸೈಕಲ್ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕೆಂಚಿಕೆರೆಯಲ್ಲಿ ನಾಳೆ ಸಂಜೆ ಬಣ್ಣದ ಪಿಕ್ಚರು. ಹತ್ತು ಅಡಿಯ ಪರದೆ. ಮುರುಗೇಶಪ್ಪನ ಹೊಲದಲ್ಲಿ. ಸರ್ಕಾರದವರು ತಂದ ಆ ಮನೆಯಷ್ಟು ದೊಡ್ಡ ಯಂತ್ರ ಪಿಕ್ಚರು ಬಿಡುವುದಕ್ಕೇ ಬಂದದ್ದು. ಬುಧವಾರ ಬೆಳೆ ಕೊಯ್ದದ್ದು ಜನ ಕೂರುವುದಕ್ಕೆ ಜಾಗ ಮಾಡಲಿಕ್ಕಾಗಿ. ಹಿಂದೊಮ್ಮೆ ವಾರ್ತಾ ಇಲಾಖೆಯವರು ಸಾಸ್ವೆಹಳ್ಳಿಯಲ್ಲಿ ಕುರಿ ಸಾಕಾಣಿಕೆಯ ಚಿತ್ರ ತೋರಿಸಿದ್ದರು. ಅದು ಕಪ್ಪು-ಬಿಳುಪು, ಕುರಿಗಳೂ ಹಾಗೇ. ಬಣ್ಣದ ಚಿತ್ರ ಈ ಭಾಗಕ್ಕೆ ಬಂದದ್ದೇ ಇಲ್ಲ.

ಪಿಕ್ಚರು ಉಂಟೋ ಎಂದು ಯಾರೂ ಮುರುಗೇಶಪ್ಪನನ್ನು ನೇರವಾಗಿ ಕೇಳಲಿಲ್ಲ. ರೀಲಿನ ಮಾತು ಕೇಳಿದವರಿಗೆ ಸರಿಯಾದ ಉತ್ತರವೇ ಸಿಕ್ಕಿತು.

“ರೀಲು ಬರಾದು ಖರೇನಾ?” ಎಂದ ಚಹಾದಂಗಡಿಯವನು.

“ನಾಳೆ ಮೂರೂವರೆ ಬಸ್ಸಿಗೆ.”

“ನಾವೂ ಬರಬೌದಾ?”

“ಬರ್ರಿ. ಇಡೀ ಊರು ಬರಲಿ. ನೋಡಿದ್ರೆ ತಾನೇ ಗೊತ್ತಾಗಾದು,” ಎಂದ ಮುರುಗೇಶಪ್ಪ. ತನ್ನ ಕೊಯ್ಲಿನ ಮೇಲೆ ಊರಿಗೆ ಇಷ್ಟು ಆಸ್ಥೆಯಿದೆಯೆಂದು ಅವನು ಎಣಿಸಿರಲಿಲ್ಲ. ಎದೆ ಉಬ್ಬಿಸಿಕೊಂಡೇ ಮನೆಗೆ ಹೋದ.

ಶುಕ್ರವಾರ ನಾನು ಶಾಲೆಯನ್ನು ಎರಡು ಗಂಟೆಗೇ ಬಿಟ್ಟೆ. ಹಾಜರಿ ಪುಸ್ತಕದಲ್ಲಿ ‘ಕೃಷಿ ವೀಕ್ಷಣೆ’ ಎಂದು ಬರೆದದ್ದು ಸುಳ್ಳಾಗಲಿಲ್ಲ ಎಂಬುದೇ ಸಮಾಧಾನ. ಶಾಲೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ಹೋದರೆ ಅಲ್ಲಿ ಆಗಲೇ ಜಾಗವಿರಲಿಲ್ಲ. ಸಾಸ್ವೆಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಹೆಂಗಸರು ರೇಷ್ಮೆ ಸೀರೆ ಉಟ್ಟು ಚಾಪೆ ಹಾಸಿ ಕೂತಿದ್ದರು. ಚಹಾದಂಗಡಿಯವನು ಒಲೆಯ ಸಮೇತ ಬಂದಿದ್ದ. ಚನ್ನಗಿರಿಯಿಂದ ಸಿದ್ದಲಿಂಗಮ್ಮನ ತಾಯಿ ಸರ್ವಮಂಗಳಮ್ಮ ಬಂದು, ಅಳಿಯ ಟಾಕೀಸು ತೆಗೆದ ಸುದ್ದಿಯನ್ನು ಬಸ್ಸಿನವರ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮಗಳ ಮೇಲೆ ಮುನಿಸಿಕೊಂಡಿದ್ದಳು. ಎಲ್ಲರಿಗಿಂತ ಮುಂದೆ, ಯಂತ್ರಕ್ಕೆ ಎದುರಾಗಿ, ಕಂಬಳಿಯ ಮೇಲೆ ಗಾದ್ರಮ್ಮ.

“ಅವ್ವಾ, ನಿನಗೇನು ಕಾಣಂಗೈತೆ ಇಲ್ಲಿ?” ಎಂದ ಮುರುಗೇಶಪ್ಪ.

“ಹತ್ರದಾಗೆ ಕೂತ್ರೆ ಬಣ್ಣ ಚಲೋ ಕಾಣತೈತಂತೆ,” ಎಂದಳು.

ಮುರುಗೇಶಪ್ಪನಿಗೆ ಮೊದಲ ಸಲ ಏನೋ ತಪ್ಪಿದೆ ಎನಿಸಿದ್ದು ಆಗ. ಅಷ್ಟರಲ್ಲಿ ಬಸ್ಸು ಬಂತು. ಅದರ ನೆತ್ತಿಯಿಂದ ಆರು ಜನ ಸೇರಿ ರೀಲನ್ನು ಇಳಿಸಿ, ಹೆಗಲ ಮೇಲೆ ಹೊತ್ತು ಹೊಲಕ್ಕೆ ತಂದರು. ಕೆಂಪು ಬಣ್ಣದ, ಹತ್ತು ಅಡಿ ಉದ್ದದ, ಆಳೆತ್ತರದ ರಾಟೆ. ಜನ ಎದ್ದು ನಿಂತರು.

“ಏಟು ದೊಡ್ಡ ರೀಲಪ್ಪ,” ಎಂದು ಒಬ್ಬರೆಂದರು. “ಕಡಿಮೆ ಅಂದ್ರೂ ನಾಲ್ಕು ತಾಸಿನ ಪಿಕ್ಚರು.”

ಮಾರಪ್ಪ ರೀಲನ್ನು ಯಂತ್ರದ ಮುಂದೆ ಹಿಡಿಸಿದ. ಬಲಗಡೆ ಸರಿಯಾಗಿ ಕೂಡಿಸಿದರೆ ಎಡಗಡೆ ಎರಡು ಅಡಿ ಹೊರಗೆ ಬಂತು. ಎಡಗಡೆ ಕೂಡಿಸಿದರೆ ಬಲಗಡೆ. ನಡುವೆ ಇಟ್ಟರೆ ಎರಡೂ ಕಡೆ ಒಂದೊಂದು ಅಡಿ. ಅವನು ಕೆಳಗಿಳಿದು ಮುರುಗೇಶಪ್ಪನ ಮುಂದೆ ನಿಂತು ಎಂಟು ಬೆರಳು ಎತ್ತಿ ತೋರಿಸಿದ.

“ಹಿಂದಿನವರಿಗೆ ಕಾಣ್ತಿಲ್ಲ, ಕೂತ್ಕಳ್ರಿ,” ಎಂದು ಯಾರೋ ಕೂಗಿದರು. “ಪರದೆ ಎಲ್ಲಿ ಕಟ್ತೀರಿ?” ಎಂದು ಇನ್ಯಾರೋ.

ಆಗ ಎಲ್ಲವೂ ಹೊರಬಿತ್ತು. ಪರದೆಯಿಲ್ಲ, ಪಿಕ್ಚರಿಲ್ಲ, ರೀಲೆಂದರೆ ಗಿಡ ಬಾಗಿಸುವ ರಾಟೆ, ಅದೂ ಯಂತ್ರಕ್ಕೆ ಕೂಡುವುದಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಸುಮ್ಮನಾದರು. ಆ ಮೌನದಲ್ಲಿ ಹೊಲದ ಕಡೆಯಿಂದ ಒಂದು ಸದ್ದು ಕೇಳಿಸುತ್ತಿತ್ತು: ಟಿಕ್, ಟಿಕ್, ಟಿಕ್. ಒಣಗಿದ ಕಾಯಿಗಳು ಒಂದೊಂದಾಗಿ ಸಿಡಿಯುತ್ತಿದ್ದವು.

ಮುರುಗೇಶಪ್ಪ ಕೈಮುಗಿದ. “ತಪ್ಪಾತು. ನಾನು ಯಾರಿಗೂ ಪಿಕ್ಚರು ಅಂದಿಲ್ಲ, ಆದ್ರೂ ತಪ್ಪಾತು. ಎಂಟನ್ನ ಹತ್ತು ಅಂದಿದ್ದು ಮಾತ್ರ ನಾನೇ. ನಾಳೆ ಸಾಹೇಬ್ರು ಬರ್ತಾರೆ. ಅಷ್ಟೊತ್ತಿಗೆ ಅರ್ಧ ಕಾಳು ನೆಲದಾಗಿರ್ತಾವೆ,” ಎಂದ. ಅವನ ದನಿ ಅಷ್ಟು ಸಣ್ಣದಾಗಿ ಹೊರಟದ್ದನ್ನು ಊರವರು ಹಿಂದೆಂದೂ ಕೇಳಿರಲಿಲ್ಲ.

“ಹಂಗಾರೆ ನಾ ನೋಡಾಕೆ ಬಂದಿದ್ದೇನು?” ಎಂದು ಗಾದ್ರಮ್ಮ ಕಂಬಳಿಯಿಂದ ಏಳದೆಯೇ ಕೇಳಿದಳು. “ಏನಾರ ತೋರಿಸ್ರಪ್ಪ. ಮೂರು ತಾಸಾತು ಕೂತು.”

ಸಿದ್ದಲಿಂಗಮ್ಮ ಇಷ್ಟು ಹೊತ್ತಿಗೆ ಯಂತ್ರದ ಸುತ್ತ ಒಂದು ಸುತ್ತು ಬಂದಿದ್ದಳು. ಮಾರಪ್ಪನ ಹತ್ತಿರ ಹೋಗಿ, “ಈ ರೀಲು ಇಲ್ದಿದ್ರೆ ಇದು ಏನೂ ಮಾಡಾಕಿಲ್ಲೇನು?” ಎಂದಳು.

“ಕೊಯ್ಯಾಕೆ ಬರಲ್ಲ,” ಎಂದ ಮಾರಪ್ಪ. ಸ್ವಲ್ಪ ಯೋಚಿಸಿ, “ತಿನ್ನಾಕೆ ಬರ್ತೈತೆ,” ಎಂದ.

“ಅಂದ್ರೆ?”

“ನಾವು ಕೊಯ್ದು ಬಾಯಿಗೆ ಕೊಟ್ರೆ, ಬಡಿದು ಕಾಳು ಕೊಡತೈತೆ. ನಿಂತಲ್ಲೇ.”

ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕುಡುಗೋಲು ತೆಗೆದುಕೊಂಡು ಬದುವಿನ ಪಕ್ಕದಲ್ಲೇ ಸರಸರನೆ ಒಂದು ಹೊರೆ ಕೊಯ್ದು ತಂದಳು. ಮಾರಪ್ಪ ಯಂತ್ರ ಚಾಲು ಮಾಡಿ ಹೊರೆಯನ್ನು ಹಲಗೆಯ ಮೇಲೆ ಹರಡಿದ. ಯಂತ್ರ ಗುಡುಗಿ ಅದನ್ನು ಒಳಗೆಳೆದುಕೊಂಡಿತು. ಹಿಂದೆ ಹೊಟ್ಟು ಹೊಗೆಯಂತೆ ಹಾರಿತು. ಮೇಲಿನ ತೊಟ್ಟಿಯೊಳಗೆ ಆಲಿಕಲ್ಲು ಬಿದ್ದಂತೆ ಸದ್ದಾಯಿತು. ಜನರ ಕತ್ತು ಉದ್ದವಾದವು.

“ಒಳಗೆ ಏನಾಗತೈತೆ?” ಎಂದು ಒಂದು ದನಿ.

“ಏಣಿ ಹತ್ತಿ ತೊಟ್ಟಿಯಾಗೆ ನೋಡಬೌದು,” ಎಂದಳು ಸಿದ್ದಲಿಂಗಮ್ಮ. “ಒಂದು ಹೊರೆ ತಂದೋರಿಗೆ ಒಂದು ಸಲ.”

ಮೊದಲು ಎದ್ದವಳು ಸರ್ವಮಂಗಳಮ್ಮ. ಚನ್ನಗಿರಿಯಿಂದ ಬಸ್ಸಿನ ಖರ್ಚು ಇಟ್ಟು ಬಂದವಳು ಏನನ್ನೂ ನೋಡದೆ ಹೋಗುವಂತಿರಲಿಲ್ಲ. ರೇಷ್ಮೆ ಸೀರೆಯಲ್ಲೇ ಒಂದು ತಬ್ಬು ಕಿತ್ತು ತಂದು, ಏಣಿ ಹತ್ತಿ, ತೊಟ್ಟಿಯೊಳಗೆ ಇಣುಕಿ, “ಮುತ್ತು ಸುರಿದಂಗೆ ಆಗ್ತೈತೆ,” ಎಂದು ಕೆಳಗಿದ್ದವರಿಗೆ ಹೇಳಿದಳು. ಅಷ್ಟು ಸಾಕಾಯಿತು. ಸಾಸ್ವೆಹಳ್ಳಿಯವರ ಗಾಡಿಗಳಲ್ಲಿ ಹುಲ್ಲು ಕೊಯ್ಯುವ ಕುಡುಗೋಲುಗಳಿದ್ದವು. ನಮ್ಮೂರಿನವರು ಮನೆಗೆ ಓಡಿದರು. ಇಲ್ಲದವರು ಕೈಯಲ್ಲೇ ಕಿತ್ತರು. ಸಾಸ್ವೆಹಳ್ಳಿಯವರು ಪಡುವಣ ಬದುವಿನಿಂದ, ಕೆಂಚಿಕೆರೆಯವರು ಮೂಡಣದಿಂದ. ಯಾರೂ ಪಂದ್ಯ ಎನ್ನಲಿಲ್ಲ. ಆದರೆ ಎರಡು ಊರಿನವರೂ ಆಗಾಗ ತಲೆಯೆತ್ತಿ ಎದುರು ಬದುವಿನವರು ಎಲ್ಲಿಗೆ ಬಂದರೆಂದು ನೋಡಿ, ಮತ್ತೆ ಬಗ್ಗುತ್ತಿದ್ದರು.

ಅರ್ಧ ಹೊಲ ಮುಗಿದಾಗ ಚರ್ಮದ ಮಿಣಿಯ ಬೆಲ್ಟ್ ಹರಿಯಿತು. ಯಂತ್ರ ನಿಂತಿತು. ಮಾರಪ್ಪ ಸುತ್ತ ನೋಡಿದ. ಅವನ ಕಣ್ಣು ನನ್ನ ಸೊಂಟದ ಮೇಲೆ ಬಂದು ನಿಂತಿತು.

“ಮೇಷ್ಟ್ರೆ,” ಎಂದ.

“ಇದು ಹೊಸದು ಮಾರಪ್ಪ.”

“ಹೊಸಾದೇ ಬೇಕು.”

ನನ್ನ ಬೆಲ್ಟಿಗೆ ಅಂಚೆಯವನ ಬೆಲ್ಟನ್ನೂ ಬಸ್ಸು ನಿಲ್ಲಿಸಿ ನೋಡಲು ಬಂದಿದ್ದ ಕಂಡಕ್ಟರನ ಚೀಲದ ಪಟ್ಟಿಯನ್ನೂ ಕೂಡಿಸಿ ಹೊಲಿದ ಮೇಲೆ ಯಂತ್ರ ಮತ್ತೆ ಗುಡುಗಿತು. ಆಮೇಲೆ ನಾನು ಹೊರೆ ತಂದದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈಗೆ ಪ್ಯಾಂಟಿನ ಜವಾಬ್ದಾರಿಯಿತ್ತು. ಮುಂದೆ ಒಂದು ಸಲ ರೇಡಿಯೇಟರ್ ಕುದಿದು ಉಕ್ಕಿತು. ಹೆಂಗಸರು ಹಳ್ಳದಿಂದ ಸಾಲಾಗಿ ಕೊಡ ದಾಟಿಸಿದರು. ಇನ್ನೊಂದು ಸಲ ಯಾವುದೋ ತಿರುಪು ಕಳಚಿ ಹುಲ್ಲಿನಲ್ಲಿ ಬಿದ್ದಾಗ ನಲವತ್ತು ಜನ ನೆಲ ತಡವಿದರು. ಸಿಕ್ಕಿದ್ದು ಗಾದ್ರಮ್ಮನಿಗೆ. ಅವಳು ಅದರ ಮೇಲೆಯೇ ಕೂತಿದ್ದಳು.

ಪಂಚಾಕ್ಷರಪ್ಪ ಇದೆಲ್ಲವನ್ನೂ ತನ್ನ ಗಡಿಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಕೊನೆಗೆ ಎದ್ದ. ಯಾರೂ ಹೊರಲಾರದಂಥ ಹೊರೆಯೊಂದನ್ನು ಕಟ್ಟಿ ತಲೆಯ ಮೇಲೆ ಹೊತ್ತು ತಂದು ಮಾರಪ್ಪನ ಮುಂದೆ ಒಗೆದ. ಏಣಿ ಹತ್ತಿ ತೊಟ್ಟಿಯೊಳಗೆ ಬಹಳ ಹೊತ್ತು ನೋಡಿದ. ಕೈಹಾಕಿ ಒಂದು ಹಿಡಿ ಕಾಳು ತೆಗೆದು ಬೆಳಕಿಗೆ ಹಿಡಿದ. ಇಳಿದು ಬಂದು, ಮುರುಗೇಶಪ್ಪನ ಪಕ್ಕ ನಿಂತು, “ಬರೋ ವರ್ಷ ನನಗೂ ಒಂದು ಚೀಲ ಬೀಜ ಇಡಪ್ಪ,” ಎಂದ.

ಮುರುಗೇಶಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿಕೊಂಡದ್ದು ಬೆವರನ್ನೇ ಎಂದು ನಾನು ತಿಳಿದಿದ್ದೇನೆ.

ಹೊತ್ತು ಮುಳುಗುವ ಮೊದಲು ನಾಲ್ಕು ಎಕರೆ ಬೋಳಾಗಿತ್ತು. ಪಡುವಣದವರೂ ಮೂಡಣದವರೂ ಹೊಲದ ನಡುವೆ ಎದುರುಬದುರಾದರು. ಉಳಿದ ಕೊನೆಯ ಸಾಲನ್ನು ನೀವು ಕೊಯ್ಯಿರಿ, ನೀವೇ ಕೊಯ್ಯಿರಿ ಎಂದು ಸ್ವಲ್ಪ ಹೊತ್ತು ಮರ್ಯಾದೆ ನಡೆಯಿತು. ಕೊನೆಗೆ ಸಿದ್ದಲಿಂಗಮ್ಮ ಹೋಗಿ ಅದನ್ನು ಕೊಯ್ದಳು. ಮಾರಪ್ಪ ಯಂತ್ರ ನಿಲ್ಲಿಸಿದ. ಕಾಳಿನ ರಾಶಿಯ ಸುತ್ತ ಎರಡೂ ಊರಿನವರು ನಿಂತು ನೋಡಿದರು. ಒಬ್ಬರೂ ಪಿಕ್ಚರಿನ ಮಾತೆತ್ತಲಿಲ್ಲ.

“ಹೆಂಗಿತ್ತವ್ವ?” ಎಂದು ಮುರುಗೇಶಪ್ಪ ತಾಯಿಯನ್ನು ಕೇಳಿದ.

“ಕುರಿ ಪಿಕ್ಚರಿಗಿಂತ ಚಲೋ ಇತ್ತು,” ಎಂದಳು ಗಾದ್ರಮ್ಮ.

ಮರುದಿನ ಶನಿವಾರ ಕೃಷಿ ಸಾಹೇಬರು ಜೀಪಿನಲ್ಲಿ ಬಂದರು. ಜೊತೆಗೊಬ್ಬ ಫೋಟೋಗ್ರಾಫರ್. ಬೋಳು ಹೊಲ, ಗೋಪುರದಂಥ ರಾಶಿ, ಪಕ್ಕದಲ್ಲಿ ನಿಂತ ಯಂತ್ರ ನೋಡಿ ಅವರ ಮುಖ ಅರಳಿತು. ಪುಸ್ತಕ ತೆಗೆದು, “ಯಂತ್ರ ಎಷ್ಟು ಗಂಟೆ ಕೊಯ್ಲು ಮಾಡಿತು?” ಎಂದು ಕೇಳಿದರು.

ಹೇಳಿದ್ದನ್ನು ಬರೆದುಕೊಂಡು ಹೋಗುವವರು ಅವರು. ಮುರುಗೇಶಪ್ಪ ಏನು ಬೇಕಾದರೂ ಹೇಳಬಹುದಿತ್ತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಾಯಿಯವರೆಗೆ ಬಂದ ಒಂದು ದೊಡ್ಡ ಸಂಖ್ಯೆಯನ್ನು ಅವನು ನುಂಗಿದ್ದು ನನಗೆ ಕಾಣಿಸಿತು.

“ಮಷೀನು ಕೊಯ್ದಿದ್ದು ಮೂವತ್ತು ಮಾರು ಸಾಹೇಬ್ರೆ,” ಎಂದ. “ಮಿಕ್ಕಿದ್ದೆಲ್ಲ ಇವ್ರು.”

ಸಾಹೇಬರು ಪೆನ್ನು ಮುಚ್ಚಿದರು. ಅವರ ಫಾರಂನಲ್ಲಿ ‘ಇವರು’ ಎಂಬುದಕ್ಕೆ ಅಂಕಣವಿರಲಿಲ್ಲ. “ಆಗಲಿ, ಯಂತ್ರದ ಮುಂದೆ ನಿಮ್ಮದೊಂದು ಫೋಟೋ ತೆಗೆಯೋಣ,” ಎಂದರು.

“ಒಂದೀಟು ತಡೀರಿ,” ಎಂದು ಮುರುಗೇಶಪ್ಪ ಊರಿಗೆ ಹೇಳಿ ಕಳಿಸಿದ. ಸಾಸ್ವೆಹಳ್ಳಿಗೂ ಹೇಳಿ ಕಳಿಸಿದ. ಸಾಹೇಬರು ಎರಡು ಸಲ ಚಹಾ ಕುಡಿದು, ಗಡಿಯಾರ ನೋಡಿ, ಮೂರನೆಯ ಚಹಾಕ್ಕೂ ಒಪ್ಪಿದರು. ಹನ್ನೆರಡು ಗಂಟೆಗೆ ಫೋಟೋ ತೆಗೆದಾಯಿತು.

ಆ ಹೊಲದ ಬೀಜ ಮುಂದಿನ ಮುಂಗಾರಿಗೆ ಹೊನ್ನಾಳಿ, ಚನ್ನಗಿರಿ, ಜಗಳೂರಿನವರೆಗೂ ಹೋಯಿತು. ಫೋಟೋಕ್ಕೆ ಕಟ್ಟು ಹಾಕಿಸಿ ಮುರುಗೇಶಪ್ಪ ನಡುಮನೆಯಲ್ಲಿ ತೂಗುಹಾಕಿದ. ಕೆಳಗೆ ಇಲಾಖೆಯವರ ಅಚ್ಚುಕಟ್ಟಾದ ಅಕ್ಷರ: ‘ಕಂಬೈನ್ ಯಂತ್ರದಿಂದ ಸೋಯಾ ಅವರೆ ಕೊಯ್ಲು’. ಮನೆಗೆ ಬಂದವರನ್ನೆಲ್ಲ ಅವನು ಅದರ ಮುಂದೆ ನಿಲ್ಲಿಸಿ, ಇವಳು ನಮ್ಮವ್ವ, ಇವಳು ನಮ್ಮತ್ತೆ, ಇವ ಪಂಚಾಕ್ಷರಪ್ಪ, ಇವ್ರು ಮೇಷ್ಟ್ರು, ಇವರೆಲ್ಲ ಸಾಸ್ವೆಹಳ್ಳಿಯೋರು ಎಂದು ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸುತ್ತಿದ್ದ. ಅರ್ಧ ತಾಸು ಹಿಡಿಯುತ್ತಿತ್ತು. ಒಂದು ಸಲ ದಾವಣಗೆರೆಯಿಂದ ಬಂದಿದ್ದ ಅತಿಥಿಯೊಬ್ಬರು ಎಲ್ಲ ಕೇಳಿಸಿಕೊಂಡು, ಕನ್ನಡಕ ಏರಿಸಿ ಫೋಟೋವನ್ನು ಮೇಲಿಂದ ಕೆಳಗೆ ಹುಡುಕಿ, “ಮಷೀನು ಎಲ್ಲೈತ್ರಿ?” ಎಂದರು.

“ಹಿಂದೈತ್ರಿ,” ಎಂದ ಮುರುಗೇಶಪ್ಪ. “ಇವರೆಲ್ಲ ಒಂದೀಟು ಸರಿದ್ರೆ ಕಾಣತೈತೆ.”